ಗಾಲ್ ಮಂದಿಯ ಬಂಡಿ, ಅಪ್ಪನ ಕಾರು

ನಮ್ಮೂರು ವಾಡಿಯಲ್ಲಿ ಯಾವ ವಸ್ತುವಿನ ಮೇಲೂ ಬೆರಳಿನಿಂದ ಹೆಸರು ಬರೆಯಬಹುದು. ಮೇಜು, ಕಿಟಕಿ, ತುಳಸಿ ಎಲೆ, ಬೆಳಿಗ್ಗೆ ತೊಳೆದಿಟ್ಟ ಸ್ಟೀಲಿನ ತಟ್ಟೆ, ಎಲ್ಲದರ ಮೇಲೂ ಕಾರ್ಖಾನೆಯ ಸಿಮೆಂಟಿನ ತೆಳು ಪದರ ಕೂತಿರುತ್ತದೆ. ಆದ್ದರಿಂದ ಅಪ್ಪ ಕಾರಿನ ಮುಂದಿನ ಗಾಜನ್ನು ಪದೇಪದೇ ಒರೆಸತೊಡಗಿದಾಗ ಮನೆಯಲ್ಲಿ ಯಾರಿಗೂ ವಿಶೇಷ ಅನ್ನಿಸಲಿಲ್ಲ. ಬಾಡಿಗೆ ಕಾರು ಓಡಿಸುವವನು ಗಾಜು ಒರೆಸದೆ ಇನ್ನೇನು ಒರೆಸಬೇಕು?

ಅವ್ವನಿಗೆ ಮಾತ್ರ ಅನುಮಾನ ಬಂತು. ಗೋಡೆಯ ಗಡಿಯಾರದ ಎದುರಿಗೇ ಕೂತು ಅಪ್ಪ “ಟೈಮ್ ಎಷ್ಟಾತು?” ಎಂದು ಕೇಳಿದ್ದ.

“ನಿಮ್ಮಪ್ಪನ ಕಣ್ಣಾಗ ಮೋತಿಬಿಂದು ಬಂದೈತಿ,” ಎಂದಳು ಅವ್ವ, ರೊಟ್ಟಿ ಬಡಿಯುತ್ತ. ನಮ್ಮ ಕಡೆ ಕಣ್ಣಿನ ಪೊರೆಗೆ ಹಾಗೆನ್ನುತ್ತಾರೆ. “ಆಪರೇಷನ್ ಮಾಡಿಸ್ಕೊ ಅಂದ್ರ ಧೂಳ ಅಂತಾನ. ನೀ ಡಿಬೇಟಿನಾಗ ಮಂದಿ ಬಾಯಿ ಮುಚ್ಚಸಾಕಿ. ಮನ್ಯಾಗಿನ ಒಂದ್ ಬಾಯಿ ಮುಚ್ಚಸು ನೋಡೋಣ. ಯಾರಿಗರ ಗಾಡಿ ಬಡೀತಂದ್ರ ಏನ್ ಮಾಡೂದು?”

ನಾನು ಒಪ್ಪಿಕೊಂಡೆ. ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ಹೇಳಿಕೊಟ್ಟದ್ದು ಇಷ್ಟೇ: ಎದುರಾಳಿಯನ್ನು ಬಿಡು, ಅವನ ಪುರಾವೆಯನ್ನು ಹಿಡಿ. ಆದರೆ ಅಪ್ಪನ ಪುರಾವೆ ಊರ ತುಂಬ ಹಾರಾಡುತ್ತಿತ್ತು. “ಧೂಳ ಇಲ್ಲಂತ ಹೇಳು ನೋಡೋಣ,” ಎಂದು ಬಾನೆಟ್ಟಿನ ಮೇಲೆ ಬೆರಳೆಳೆದು, ಬೂದಿಬಣ್ಣಕ್ಕೆ ತಿರುಗಿದ ತುದಿಯನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದ. ಪೂರ್ತಿ ಸುಳ್ಳಾದ ವಾದವನ್ನು ಮುರಿಯುವುದು ಸುಲಭ. ಅರ್ಧ ನಿಜವಾದದ್ದು ಕೈಗೆ ಸಿಗುವುದಿಲ್ಲ. ಒಮ್ಮೆ ಡಾಕ್ಟರಿಗೆ ತೋರಿಸಿ ಬರೋಣ ಅಂದರೆ, “ಧೂಳಿಗೆ ಡಾಕ್ಟರ್ ಯಾಕ? ಹಸಿ ಅರಿವಿ ಸಾಕು,” ಎನ್ನುತ್ತಿದ್ದ.

ಹೀಗಾಗಿ ರಜಾದಿನಗಳಲ್ಲಿ ನಾನು ಅವನ ಪಕ್ಕದ ಸೀಟಿನಲ್ಲಿ ಕೂರಲು ಶುರುಮಾಡಿದೆ. ರಸ್ತೆಯ ಮೇಲೆ ಇನ್ನೊಂದು ಜೋಡಿ ಕಣ್ಣಿರಲಿ ಎಂದು. ಅಪ್ಪ ಮಾತ್ರ ನಾನು ಆಟಕ್ಕೆ ಬಂದಿದ್ದೇನೆ ಎಂದುಕೊಂಡ. ನಮ್ಮಿಬ್ಬರ ನಡುವೆ ಒಂದು ಆಟವಿತ್ತು. ದಾರಿಯಲ್ಲಿ ಅವನು ಒಂದು ಶಬ್ದ ಎಸೆಯುತ್ತಾನೆ, ಅದು ಎಲ್ಲಿಂದ ಬಂತೆಂದು ನಾನು ಹೇಳಬೇಕು. ‘ಖುರ್ಚಿ’, ‘ಜಮೀನು’, ‘ಚಾವಿ’ ಎಲ್ಲ ಮುಗಿದಿದ್ದವು. ಆ ವರ್ಷ ನನಗೆ ಗಾಲಿಷ್ ಭಾಷೆಯ ಹುಚ್ಚು ಹಿಡಿದಿತ್ತು. ಎರಡು ಸಾವಿರ ವರ್ಷದ ಕೆಳಗೆ, ಈಗ ಫ್ರಾನ್ಸ್ ಇರುವ ನೆಲದಲ್ಲಿ ಗಾಲ್ ಜನ ಆಡುತ್ತಿದ್ದ ಮಾತು ಅದು. ರೋಮದವರು ಅವರನ್ನು ಗೆದ್ದ ಮೇಲೆ ಕೆಲವು ಶತಮಾನಗಳಲ್ಲಿ ಭಾಷೆ ಅಳಿಯಿತು. ಉಳಿದದ್ದು ಕಲ್ಲಿನ ಮೇಲಿನ ಒಂದಷ್ಟು ಸಾಲು, ಸೀಸದ ತಗಡುಗಳು, ಕುಂಬಾರರು ತಟ್ಟೆಯ ಮೇಲೆ ಗೀಚಿಕೊಂಡ ಲೆಕ್ಕ, ಮತ್ತೆ ಬೇರೆಯವರ ಬಾಯಿಗೆ ಸಿಕ್ಕಿಕೊಂಡ ಶಬ್ದಗಳು.

“ಕಾರು?” ಎಂದ ಅಪ್ಪ ಒಂದು ದಿನ, ಚಿತ್ತಾಪುರದ ದಾರಿಯಲ್ಲಿ. “ಇದು ಇಂಗ್ಲಿಷ್ ಅಂತ ಕೂಸಿಗೂ ಗೊತ್ತು.”

“ಇಂಗ್ಲಿಷಿನವರಿಗೆ ಫ್ರೆಂಚರ ಕಡೀಂದ ಬಂತು, ಅವರಿಗೆ ಲ್ಯಾಟಿನಿಂದ, ಲ್ಯಾಟಿನಿಗೆ ಗಾಲ್ ಮಂದಿಯಿಂದ. ಅವ್ರು ಬಂಡಿಗೆ ‘ಕರ್ರೋಸ್’ ಅಂತಿದ್ರು.”

“ಎತ್ತಿನ ಬಂಡಿ?”

“ಕುದುರೀದೂ ಇರಬೇಕು.”

“ಇರಬೇಕು ಅಂದ್ರ? ಗೊತ್ತಿಲ್ಲ ಅನ್ನು.”

“ಅಷ್ಟು ಗೊತ್ತಿಲ್ಲ.”

ಗೆದ್ದವನಂತೆ ಹಾರ್ನ್ ಒತ್ತಿದ. ಆಮೇಲೆ ಕೇಳಿದ: “ಆ ಗಾಲಿ ಮಂದಿ ಈಗ ಎಲ್ಲದಾರ?”

“ಗಾಲಿ ಅಲ್ಲಪ್ಪ, ಗಾಲ್. ನಮ್ಮ ಗಾಲಿಗೂ ಅವರಿಗೂ ಸಂಬಂಧ ಇಲ್ಲ. ಮಂದಿ ಅಲ್ಲೇ ಅದಾರ, ಭಾಷೆ ಇಲ್ಲ. ಆದ್ರ ಬಂಡಿ ಕಟ್ಟೂದ್ರಾಗ ಅವ್ರು ಭಾರಿ. ರೋಮದವರು ರಸ್ತೆ ಹಾಕಿದ್ರು, ಗಾಡಿ ಶಬ್ದ ಭಾಳಷ್ಟು ಇವರದಽ ತಗೊಂಡ್ರು. ಕಾರ್ಪೆಂಟರ್ ಅನ್ನೂದು ಸುದಾ ಅವರ ಒಂದು ಬಂಡಿ ಹೆಸರಿಂದ ಬಂದದ್ದು. ಬಂಡಿ ಮಾಡಾಂವ ಕಾರ್ಪೆಂಟರ್.”

ಅಪ್ಪ ಗೇರ್ ಬದಲಿಸಿದ. “ಅಂದ್ರ ಗೆದ್ದೋರು ಸೋತೋರ ಬಂಡ್ಯಾಗ ಕುಂತು ಮನಿಗೆ ಹೋದ್ರು!” ಎಂದು ಜೋರಾಗಿ ನಕ್ಕ.

ಅಪ್ಪ ಡ್ರೈವರನಾಗಿ ಮೊದಲು ಹಿಡಿದದ್ದು ಸಾಹೇಬರೊಬ್ಬರ ಬಿಳಿ ಅಂಬಾಸಿಡರ್. ಅದರ ಹೆಸರಿನ ಮೂಲವನ್ನೂ ಹೇಳಿದೆ. ‘ಅಂಬಕ್ತೋಸ್’ ಎಂಬ ಗಾಲಿಷ್ ಶಬ್ದ, ಅರ್ಥ ಆಳು, ಯಜಮಾನನ ಕೆಲಸಕ್ಕೆ ಸುತ್ತ ತಿರುಗುವವನು. ಊರೂರು ಬಾಯಿ ಬದಲಿಸಿ ಕೊನೆಗೆ ರಾಯಭಾರಿಯಾಗಿ ಬಡ್ತಿ ಪಡೆಯಿತು.

“ಇನ್ನೊಬ್ಬರ ಕೆಲಸಕ್ಕ ತಿರಗಾಂವ,” ಎಂದ ಅಪ್ಪ. “ಸೀದಾ ಡ್ರೈವರ್ ಅನ್ನಬಾರದಾ?”

ಮನೆಗೆ ಬಂದು ಅವ್ವನಿಗೂ ಒಂದು ಗಾಲಿಷ್ ಕಥೆ ಹೇಳಿದೆ. ನೂಲುವ ಕದಿರಿಗೆ ಸಿಕ್ಕಿಸುವ ಪುಟ್ಟ ಕಲ್ಲಿನ ಬಿಲ್ಲೆಗಳು ಅಲ್ಲಿ ನೆಲದಡಿ ಸಿಕ್ಕಿವೆ. ಗಂಡು ಹೆಣ್ಣಿಗೆ ಕೊಟ್ಟ ಉಡುಗೊರೆ ಇರಬೇಕು. ಒಂದರ ಮೇಲೆ, ಚೆಲುವೆ, ಸ್ವಲ್ಪ ಬಿಯರ್ ಕೊಡು ಎಂಬರ್ಥದ ಮಾತು ಕೊರೆದಿದೆ.

“ಆಗಿನ ಗಂಡಸರೂ ಹಿಂಗಽ ಏನು?” ಎಂದು ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಗು ನಿಲ್ಲಿಸಿ ನನ್ನ ಕಡೆ ನೋಡಿದಳು. “ಸತ್ತ ಭಾಷೆದು ಭಾಳ ಆತು. ಜೀವ ಇದ್ದ ಕಣ್ಣಿಂದು ಏನಾತು?”

ಏನೂ ಆಗಿರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ನಿವೃತ್ತ ಮಾಸ್ತರರೊಬ್ಬರನ್ನು ಚಿಂಚೋಳಿ ಪಕ್ಕದ ಚಂದಾಪುರಕ್ಕೆ ಬಿಡುವ ಬಾಡಿಗೆ ಸಿಕ್ಕಿತು. ನಾನೂ ಹೊರಟೆ. ಸೇಡಂ ಹತ್ತಿರ ಸುಣ್ಣದಕಲ್ಲಿನ ಗಣಿಗಳು ಕಂಡಾಗ ಅಪ್ಪನಿಗೆ ಆಟ ನೆನಪಾಯಿತು. ಗಣಿಯ ಎಂಜಿನಿಯರುಗಳು ಸುಣ್ಣ ಬೆರೆತ ಜೇಡಿಮಣ್ಣಿಗೆ ‘ಮಾರ್ಲ್’ ಎನ್ನುವುದನ್ನು ಅವನು ಹಿಂದಿನ ಸೀಟಿನ ಮಾತುಗಳಲ್ಲಿ ಕೇಳಿದ್ದ. ಅದೂ ಗಾಲಿಷ್ ಮೂಲದ್ದೇ, ಆ ಜನ ಅದಕ್ಕೆ ‘ಮರ್ಗ’ ಎನ್ನುತ್ತಿದ್ದರು, ಬೆಳೆ ಚೆನ್ನಾಗಿ ಬರಲೆಂದು ಹೊಲಕ್ಕೆ ಹರಡುತ್ತಿದ್ದರು ಎಂದೆ.

ಮಾಸ್ತರರು ಹಿಂದಿನಿಂದ ಮುಂದಕ್ಕೆ ಬಗ್ಗಿದರು. “ಮರ್ಗ! ಅದು ನಮ್ಮ ಮಾರ್ಗ ಅಲ್ಲೇನವಾ? ಎಲ್ಲಾ ಇಲ್ಲಿಂದಽ ಹೋದದ್ದು.”

“ಸರ, ಮಾರ್ಗ ಅಂದ್ರ ದಾರಿ, ಇದು ಮಣ್ಣು. ಹೋದದ್ದು ಖರೇ ಆದ್ರ ಯಾವಾಗ ಹೋತು, ಯಾರ ಬಾಯಾಗ ಹೋತು? ಒಂದರ ಮೆಟ್ಟಿಲ ತೋರಸ್ರಿ. ಕಿವಿಗಿ ಒಂದಽ ಥರ ಕೇಳಿದ್ರ ಬಳಗ ಆಗಂಗಿಲ್ಲ. ನಿಮ್ಮ ಮೀಸಿನೂ ನಮ್ಮ ಕಾಕಾನ ಮೀಸಿನೂ ಒಂದಽ ಥರ ಅದಾವು.”

“ನಿನ್ನ ಮಗಳು ಭಾಳ ಜೋರ್ ಅದಾಳಪಾ.”

“ಅದಕ್ಕಽ ಮುಂದ ಕುಂದ್ರಸೀನ್ರಿ,” ಎಂದ ಅಪ್ಪ. “ರಸ್ತಾ ನೋಡ್ಕೋತ ಒಂದೀಟು ಸುಮ್ಮನಿರ್ತಾಳ.”

ಮಾಸ್ತರರು ನಗುತ್ತಿರುವಾಗಲೇ ನಾನು ಕೂಗಿದೆ: “ಅಪ್ಪಾ, ಕುರಿ!” ರಸ್ತೆಗೆ ಅಡ್ಡವಾಗಿ ಇಡೀ ಹಿಂಡು ದಾಟುತ್ತಿತ್ತು. ಅಪ್ಪ ಬ್ರೇಕ್ ಒತ್ತಿದಾಗ ಕೊನೆಯ ಕುರಿಮರಿ ಬಂಪರಿನಿಂದ ಒಂದು ಗೇಣು ದೂರದಲ್ಲಿತ್ತು. ಕುರಿ ಕಾಯುವವನು ಕೋಲು ಎತ್ತಿ ಬೈದ. “ಕಂಡಿದ್ದುವು, ಕಂಡಿದ್ದುವು,” ಎಂದ ಅಪ್ಪ, ಯಾರೂ ಕೇಳದಿದ್ದರೂ. ಇಳಿದು ಗಾಜು ಒರೆಸಿದ. ಚಂದಾಪುರದವರೆಗೆ ಮಾಸ್ತರರು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದೇ ಕೂತರು.

ಅವರನ್ನು ಇಳಿಸುವ ಹೊತ್ತಿಗೆ ಜೋರು ಮಳೆ ಬಂತು. ನಿಂತ ಮೇಲೆ ಹೊರಟೆವು. ಚಿಂಚೋಳಿಯ ಕಾಡಿನ ಕಡೆಯಿಂದ ಗಾಳಿ ಬೀಸುತ್ತಿತ್ತು, ರಸ್ತೆ ಕಪ್ಪಗೆ ತೊಳೆದಿಟ್ಟಂತಿತ್ತು, ಬಿಸಿಲು ಬಿದ್ದಿತ್ತು. ಸ್ವಲ್ಪ ದೂರ ಬಂದು ಅಪ್ಪ ಬೇವಿನ ಮರದಡಿ ಕಾರು ನಿಲ್ಲಿಸಿದ. ಅರಿವೆ ತೆಗೆದುಕೊಂಡು ಇಳಿದ. ಗಾಜನ್ನು ಹೊರಗಿನಿಂದ ಒರೆಸಿದ. ಒಳಗೆ ಬಂದು ಒರೆಸಿದ. ಸೀಟಿನಲ್ಲಿ ಕೂತು ಮುಂದೆ ನೋಡಿ, ಮತ್ತೆ ಇಳಿದು ಒರೆಸಿದ. ಒಳಗೆ ಕೂತ ನನಗೆ ಆ ಗಾಜಿನಾಚೆ ಅವನ ಅಂಗಿಯ ಕಿಸೆಯ ಹೊಲಿಗೆ ಎಳೆಎಳೆಯಾಗಿ ಕಾಣುತ್ತಿತ್ತು. ಗಾಜಿನ ಮೇಲೆ ಒಂದು ಹನಿ ನೀರೂ ಇರಲಿಲ್ಲ.

ಇಲ್ಲಿ ಧೂಳು ಎಲ್ಲಿದೆ? ಈ ಪ್ರಶ್ನೆ ಎಷ್ಟೋ ದಿನದಿಂದ ನನ್ನ ನಾಲಿಗೆಯ ಮೇಲಿತ್ತು. ವೇದಿಕೆಯ ಮೇಲಾಗಿದ್ದರೆ ಕೇಳಿ, ಕೂತು, ಚಪ್ಪಾಳೆಗೆ ಕಾಯುತ್ತಿದ್ದೆ. ಒಣಗಾಜಿನ ಮೇಲೆ ಅವನ ಕೈ ಇನ್ನೂ ಆಡುತ್ತಿತ್ತು.

ಅಪ್ಪ ಅರಿವೆ ಮಡಚಿ, ಬಾಗಿಲು ತೆರೆದೇ ಇಟ್ಟು, ಕಾಲು ಹೊರಗೆ ಚಾಚಿ ಸೀಟಿನ ಅಂಚಿಗೆ ಕೂತ. ರಸ್ತೆಯ ಕಡೆ ನೋಡುತ್ತ ಕೇಳಿದ:

“ಆ ಗಾಲಿ ಮಂದಿ ಭಾಷೆ ಹೋಗಾಕತ್ತಾಗ, ಅವ್ರಿಗಿ ಗೊತ್ತಾಗಿತ್ತೇನು?”

ಈ ಸಲ ನಾನು ‘ಗಾಲಿ’ಯನ್ನು ತಿದ್ದಲಿಲ್ಲ.

“ಗೊತ್ತಾಗಿರಾಕಿಲ್ಲಪ್ಪ. ಒಂದಽ ದಿನದಾಗ ಹೋದದ್ದಲ್ಲ. ಮೊದಲ ಸಂತ್ಯಾಗ ಲ್ಯಾಟಿನ್, ಮನ್ಯಾಗ ತಮ್ಮದು. ಆಮ್ಯಾಲ ಮನ್ಯಾಗೂ ಅರ್ಧಾ. ಮಕ್ಕಳು ಒಂದು ಶಬ್ದ ಬಿಟ್ರ ಹಿರ್ಯಾರು ಅದನ್ನ ಹುಡುಗಾಟಕಿ ಅಂದಿರ್ತಾರ. ಕೆಸರು, ಮಸಿ, ಕುರಿ, ನೇಗಿಲ ಕುಳ, ಇಂಥಾ ಶಬ್ದ ಬಾಯಾಗ ಉಳಿದಿದ್ದುವು. ಹಂಗಾಗಿ ಭಾಷೆ ಐತಿ ಅಂತಽ ತಿಳಕೊಂಡಿರ್ತಾರ. ಇದು ನನ್ನ ಅಂದಾಜು. ಪುರಾವೆ ಇಲ್ಲ.”

“ಪುರಾವೆ ಬ್ಯಾಡ,” ಎಂದ ಅಪ್ಪ. ಮಡಚಿದ ಅರಿವೆಯನ್ನು ಬಿಚ್ಚಿದ, ಮತ್ತೆ ಮಡಚಿದ. “ದಿನಾ ಚೂರು ಚೂರು ಹೋದ್ರ ಗೊತ್ತಾಗಂಗಿಲ್ಲ. ನಾ ಧೂಳ ಅಂದೆ.”

ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟೆ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

“ಆ ಕುರಿ ಕಂಡಿರಲಿಲ್ಲ,” ಎಂದ. “ನೀ ಒದರಿದ್ದು ಕೇಳಿ ಬ್ರೇಕ್ ಹಾಕಿದೆ. ಕುರಿ ಜಾಗಾದಾಗ ಮಂದಿ ಇದ್ರ?”

“ಇರಲಿಲ್ಲಲ್ಲಪ್ಪ.”

“ಇದು ವಾದ ಅಲ್ಲ.”

ಅಲ್ಲವೇ ಅಲ್ಲ. ನಾನು ತಲೆಯಾಡಿಸಿದೆ. ಅವನಿಗೆ ಅದು ಕಂಡಿತೋ ಇಲ್ಲವೋ ಎಂದು, ಬಾಯಿಂದಲೂ “ಹೌದು” ಅಂದೆ.

ಆಗ ಅವನು ಇಷ್ಟು ದಿನ ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳಿದ. “ಕಣ್ಣು ಕೊಯ್ಸಿಕೊಂಡ ಡ್ರೈವರನ ಗಾಡಿ ಯಾರ್ ಹತ್ತತಾರ? ಸ್ಟೇಷನ್ ಮುಂದ ನಿಂತ್ರ ಮಂದಿ ಬಾಜೂ ಗಾಡಿಗಿ ಹೋಗ್ತಾರ.”

ಜನ ಹಾಗೇ ಮಾಡಬಹುದು. ಆಪರೇಷನ್ ಆದ ಮೇಲೆ ಕಣ್ಣು ಸಾಫಾಗುತ್ತದೆ, ಮತ್ತೆ ಓಡಿಸಬಹುದು ಎಂದು ಡಾಕ್ಟರು ಹೇಳಿಯಾರು. ವಾಡಿ ಸ್ಟೇಷನ್ನಿನ ಮುಂದೆ ಅದನ್ನು ಒಬ್ಬೊಬ್ಬರಿಗೇ ಯಾರು ತಿಳಿಸಿ ಹೇಳಬೇಕು?

“ನಾ ಹತ್ತತೀನಿ,” ಅಂದೆ.

“ನೀ ಬಾಡಿಗಿ ಕೊಡಾಕಿ ಅಲ್ಲ,” ಎಂದ. ಆದರೆ ನಕ್ಕ. ಎದ್ದು ಕಾರನ್ನು ಮುಂದಿನಿಂದ ಬಳಸಿ ನನ್ನ ಬಾಗಿಲಿಗೆ ಬಂದು ನಿಂತ. “ನಾಳೆ ಕಲಬುರಗಿಗಿ ಹೋಗಿ ಕಣ್ಣು ತೋರಸೂಣ. ನಿಮ್ಮವ್ವಗ ನಾನಽ ಹೇಳ್ತೀನಿ. ಈಗ ಸರಿ ಆ ಕಡೆ.”

ಲೈಸೆನ್ಸ್ ಸಿಕ್ಕಿ ಎಷ್ಟೋ ಕಾಲವಾಗಿದ್ದರೂ ಅಪ್ಪ ನನಗೆ ಈ ಕಾರು ಕೊಟ್ಟಿರಲಿಲ್ಲ. ಡ್ರೈವರ್ ಸೀಟು ಅವನ ಬೆನ್ನಿನ ಅಚ್ಚಿಗೆ ಒಗ್ಗಿ ತಗ್ಗಾಗಿತ್ತು. ನಾನು ಅದರೊಳಗೆ ಜಾರಿ ಕೂತೆ. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವನ ರೂಢಿ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಅವನು ಕಾಯುತ್ತಿದ್ದ. ನಾನು ಒತ್ತಿಕೊಂಡೆ.

“ಕ್ಲಚ್ ಮ್ಯಾಲಿಂದ ಕಾಲ ತಗಿ. ಅದೇನು ನಿಮ್ಮ ಕಾಕಾನ ಮೀಸಿ ಏನು, ಒತ್ತಿ ಹಿಡಕೊಳ್ಳಾಕ?”

ಚಿಂಚೋಳಿ ಹಿಂದೆ ಬಿತ್ತು. ಅಪ್ಪ ಎಡಗಡೆ ಕೂತು ಅಭ್ಯಾಸವಿಲ್ಲದವನಂತೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡಿದ್ದ. ಸ್ವಲ್ಪ ದೂರದ ಮೇಲೆ ಸಣ್ಣ ದನಿಯಲ್ಲಿ ಕೇಳಿದ:

“ಏನೇನ್ ಕಾಣಾಕತ್ತೈತಿ, ಹೇಳಕೋತ ನಡಿ.”

ಹೇಳುತ್ತ ಹೋದೆ. ಮುಂದೆ ಒಂದು ಟ್ರ್ಯಾಕ್ಟರ್, ಖಾಲಿ. ಬಲಕ್ಕೆ ಶಾಲೆ, ಗೇಟಿಗೆ ಕಟ್ಟಿದ ಎಮ್ಮೆ. ಎಡಕ್ಕೆ ತೊಗರಿ ಹೊಲ.

“ತೊಗರಿ ಹೂ ಬಿಟ್ಟೈತೇನು?”

ಬಂದ ದಾರಿಯ ಎರಡೂ ಕಡೆ ಅದೇ ಹೊಲಗಳಿದ್ದವು. ವಾಡಿಯಿಂದ ಇಲ್ಲಿಯವರೆಗೆ ಅವನು ಅವುಗಳ ನಡುವೆಯೇ ಕಾರು ಓಡಿಸಿಕೊಂಡು ಬಂದಿದ್ದ.

“ಬಿಟ್ಟೈತಪ್ಪ,” ಅಂದೆ, ಕಾರು ನಿಧಾನ ಮಾಡಿ. “ಭಾಳ ಬಿಟ್ಟೈತಿ. ಹೊಲ ತುಂಬ ಹಳದಿ.”