ಬ್ಲಾಂಚರ್ಡ್ಸ್‌ಟೌನಿನ ಸಕ್ಕರೆ ಆನೆ ಮತ್ತು ನಮ್ಮ ಅಳಿಯಂದಿರ ಲೆಕ್ಕ

ನಮ್ಮ ಅಳಿಯ ಸತ್ಯಪ್ರಕಾಶರು ಬಾಯಿ ತೆರೆದರೆ ಸಾಕು, ಡಬ್ಲಿನ್ ಪಕ್ಕದ ಬ್ಲಾಂಚರ್ಡ್ಸ್‌ಟೌನಿನ ಕನ್ನಡದವರಿಗೆಲ್ಲ ಒಲೆ ಮೇಲೆ ಹಾಲಿಟ್ಟು ಬಂದದ್ದು ನೆನಪಾಗುತ್ತದೆ. ಒಬ್ಬೊಬ್ಬರಾಗಿ ಎದ್ದು ಕೋಟು ಹಾಕಿಕೊಳ್ಳುತ್ತಾರೆ. ಕೊನೆಗೆ ಉಳಿಯುವವಳು ನಾನು. ನನಗೆ ಎದ್ದು ಹೋಗಲು ಬೇರೆ ಮನೆಯಿಲ್ಲ, ಮಂಡಿ ನೋವು ಬೇರೆ.

ಮನುಷ್ಯ ಬಹಳ ಒಳ್ಳೆಯವರು. ಮೈಸೂರಿನವರು. ಸ್ಯಾಂಡಿಫರ್ಡಿನ ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಬಸ್ಸು, ಲುವಾಸ್ ಎಂಬ ಟ್ರಾಮು ಎಂದು ಊರೆಲ್ಲ ಸುತ್ತಿ ಮನೆಗೆ ಬಂದವರು ಊಟ ಮುಗಿಸಿ ಹಳೇ ಬೆಳ್ಳಿ ನಾಣ್ಯ ನೋಡುತ್ತಾ ಕೂರುತ್ತಾರೆ. ಕೈಯಲ್ಲಿ ಒಂದು ನಾಣ್ಯವೂ ಇಲ್ಲ. ಎಲ್ಲವೂ ಹರಾಜಿನವರು ಹಾಕಿದ ಫೋಟೋ. ಫೋಟೋ ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳುವವರನ್ನು ನಾನು ಇವರೊಬ್ಬರನ್ನೇ ಕಂಡದ್ದು.

ಆ ನಾಣ್ಯಗಳು ಫಿನೀಷಿಯದವರದಂತೆ. ಈಗಿನ ಲೆಬನಾನಿನ ಸಮುದ್ರದ ದಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಇದ್ದ ಹಡಗಿನ ವ್ಯಾಪಾರಿಗಳು ಅವರು. ಸಿಡಾನ್ ಎಂಬ ಅವರ ಪಟ್ಟಣದ ನಾಣ್ಯದ ಒಂದು ಕಡೆ ಹಡಗು, ಇನ್ನೊಂದು ಕಡೆ ರಥದಲ್ಲಿ ಕೂತ ರಾಜ. ಒಬ್ಬ ರಾಜನ ಕಾಲದಲ್ಲಿ ಇಂಥವನ್ನು ಎಷ್ಟು ಹೊಡೆದರು ಎಂದು ಯಾರೂ ಬರೆದಿಟ್ಟಿಲ್ಲ. ಅದನ್ನು ನಮ್ಮ ಅಳಿಯಂದಿರು ಕಂಡುಹಿಡಿಯಬೇಕಿತ್ತು.

ನನಗೆ ಅರ್ಥವಾಗಲಿ ಎಂದು ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮೇಲೆ ಹೇಳಿಕೊಟ್ಟರು. ಮರದ ಅಚ್ಚಿಗೆ ಪಾಕ ಹೊಯ್ದು ಆನೆ, ಗಿಳಿ ತೆಗೆಯುತ್ತೇವಲ್ಲ, ಹಾಗೆಯೇ ಅವರು ಕೊರೆದ ಲೋಹದ ಅಚ್ಚಿನ ಮೇಲೆ ಬೆಳ್ಳಿ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚಿನಲ್ಲಿ ಒಂದು ಗೀರು ಬಿದ್ದರೆ ಆಮೇಲೆ ಬಂದ ನಾಣ್ಯಗಳಲ್ಲೆಲ್ಲ ಅದೇ ಗೀರು. ಹಾಗೆ ಹೋಲಿಸಿ ಹೋಲಿಸಿ ಎಷ್ಟು ಅಚ್ಚುಗಳಿದ್ದವು ಎಂದು ಎಣಿಸುವುದು. ಹೊಸದಾಗಿ ಸಿಕ್ಕ ನಾಣ್ಯವೆಲ್ಲ ಮೊದಲೇ ಕಂಡ ಅಚ್ಚಿನದೇ ಆಗಿದ್ದರೆ, ಇದ್ದ ಅಚ್ಚನ್ನೆಲ್ಲ ನೋಡಿ ಮುಗಿಸಿದೆವು ಎಂದರ್ಥ. ಒಂದೇ ಒಂದು ಸಲ ಕಂಡ ಅಚ್ಚುಗಳು ಬಹಳವಿದ್ದರೆ, ನಾವು ಕಾಣದೆ ಉಳಿದವೂ ಬಹಳ. ಅದಾದ ಮೇಲೆ ಒಂದು ಅಚ್ಚು ಸವೆಯುವ ಮೊದಲು ಎಷ್ಟು ನಾಣ್ಯಕ್ಕೆ ಬಾಳುತ್ತದೆ ಎಂದು ಊಹಿಸಿ ಗುಣಿಸಬೇಕು. ಆ ಊಹೆಗೆ ವಿದ್ವಾಂಸರು ಈಗಲೂ ಜಗಳವಾಡುತ್ತಾರಂತೆ.

ಡಬ್ಲಿನ್ನಿನಲ್ಲಿ ನಾಣ್ಯ ಪ್ರೇಮಿಗಳದೊಂದು ಸಂಘವಿದೆ. ಅದರ ಯಜಮಾನ ಡೆಕ್ಲನ್ ಎಂಬಾತ, ಬಸ್ಸು ಓಡಿಸಿ ನಿವೃತ್ತನಾದವನು. ಯಾರು ಏನು ಹೇಳಿದರೂ ‘ಗ್ರ್ಯಾಂಡ್’ ಎನ್ನುತ್ತಾನೆ, ಇಲ್ಲಿಯವರ ಬಾಯಲ್ಲಿ ‘ಸರಿ, ಆಯ್ತು’ ಎಂದರ್ಥ. ಆತ ಜನವರಿ ಕೊನೆಯ ಶನಿವಾರ ನಮ್ಮ ಅಳಿಯಂದಿರ ಭಾಷಣ ಇಟ್ಟುಕೊಂಡ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಒಂದು ದಿನ ಬಟಾಣಿ ಸುಲಿಯುತ್ತಾ ಕೂತಿದ್ದವರು ಮೆಲ್ಲಗೆ ಹೇಳಿದರು.

“ಅತ್ತೆ, ಒಂದ್ಸಲನಾದ್ರೂ ಜನ ನನ್ ಮಾತು ಪೂರ್ತಿ ಕೇಳ್ಬೇಕು. ಯಾರೂ ಮಧ್ಯ ಎದ್ದು ಹೋಗ್ಬಾರ್ದು. ಇನ್ನೇನೂ ಬೇಡ ನಂಗೆ.”

ಸಂಕ್ರಾಂತಿ ಬಂತು. ಇಲ್ಲಿ ಹಬ್ಬದ ದಿನ ಯಾರಿಗೂ ರಜೆಯಿಲ್ಲ, ಹೀಗಾಗಿ ಎಳ್ಳು ಬೀರುವುದು ವಾರಗಟ್ಟಲೆ ನಡೆಯುತ್ತದೆ. ಅಳಿಯಂದಿರಿಗೆ ಒಂದು ಯೋಚನೆ ಹೊಳೆಯಿತು. ನಿಮ್ಮ ಮನೆಗೆ ಬಂದ ಸಕ್ಕರೆ ಆನೆಯ ಫೋಟೋ ಕಳಿಸಿ ಎಂದು ವಾಟ್ಸಾಪ್ ಗುಂಪಿಗೆ ಹಾಕಿದರು. ಬ್ಲಾಂಚರ್ಡ್ಸ್‌ಟೌನಿನಲ್ಲಿ ಎಷ್ಟು ಆನೆ ಅಚ್ಚುಗಳಿವೆ ಎಂದು ಲೆಕ್ಕ ಹಾಕಿ, ಭಾಷಣದ ಮೊದಲಲ್ಲೇ ತೋರಿಸಿದರೆ ಜನಕ್ಕೆ ರುಚಿ ಹತ್ತುತ್ತದೆ ಎಂದು ಅವರ ಎಣಿಕೆ. ಫೋಟೋಗಳು ಬಂದವು. ಭಾನುವಾರ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಮುಂದೆ ಫಲಿತಾಂಶ ಹೇಳಿದರು. ಊರಿನಲ್ಲಿರುವುದು ಎರಡೇ ಆನೆ ಅಚ್ಚು. ಒಂದು ನನ್ನ ಮಗಳು ಶ್ರೀಲಕ್ಷ್ಮಿಯದು, ಹೊಟ್ಟೆಯ ಮೇಲೆ ಗೀರಿರುವುದು. ಇನ್ನೊಂದು ಕಿವಿ ಮೊಂಡಾದದ್ದು. ಮೂರನೆಯದು ಇಲ್ಲವೇ ಇಲ್ಲ.

ಎದುರು ಮನೆಯ ಶಕುಂತಲಾ ತಟ್ಟೆ ಕೆಳಗಿಟ್ಟಳು. ಅವಳ ಗಂಡ ಇಲ್ಲಿ ಆಸ್ಪತ್ರೆಯ ಡಾಕ್ಟರು. ಅತ್ತೆಯಿಂದ ಬಂದ ತೇಗದ ಅಚ್ಚಿನಲ್ಲಿ ತಾನೇ ಆನೆ ತೆಗೆಯುತ್ತೇನೆಂದು ಪ್ರತಿ ವರ್ಷ ಹೇಳಿಕೊಳ್ಳುವವಳು.

“ಹಾಗಾದ್ರೆ ನನ್ ಅಚ್ಚು ಎಲ್ಲೋಯ್ತು ಸತ್ಯಪ್ರಕಾಶ್ ಅವ್ರೆ?”

“ಲೆಕ್ಕದ ಪ್ರಕಾರ ನಿಮ್ ಅಚ್ಚು ಇರೋ ಸಾಧ್ಯತೆ ಬಹಳ ಕಮ್ಮಿ ಶಕುಂತಲಾ ಅವ್ರೆ,” ಎಂದರು ಇವರು, ಬಹಳ ವಿನಯದಿಂದ.

ಶ್ರೀಲಕ್ಷ್ಮಿ ತಲೆಯ ಮೇಲೆ ಕೈ ಹೊತ್ತು ಅಡುಗೆ ಮನೆಗೆ ಹೋದಳು. ಶಕುಂತಲಾ ಕೋಟು ಕೂಡ ಹಾಕಿಕೊಳ್ಳದೆ ಚಳಿಯಲ್ಲಿ ರಸ್ತೆ ದಾಟಿ, ಟವೆಲಿನಲ್ಲಿ ಸುತ್ತಿದ್ದ ಅಚ್ಚನ್ನು ತಂದು ಇವರ ಕಂಪ್ಯೂಟರಿನ ಮೇಲೆಯೇ ಇಟ್ಟಳು. ತೇಗದ್ದೇ, ಆನೆಯದ್ದೇ. ಗೀರಿಲ್ಲ, ಕಿವಿ ಮೊಂಡಲ್ಲ.

“ಮುಟ್ಟಿ ನೋಡಿ. ಇದ್ಯಾ ಇಲ್ವಾ?”

ಇದೆ ಎಂದರು. ಅವರ ಮುಖ ನೋಡಲಾಗಲಿಲ್ಲ. ಅಷ್ಟು ಹೊತ್ತಿಗೆ ಶ್ರೀಲಕ್ಷ್ಮಿ, ಮಾತು ಮರೆಸಲೆಂದು, ಮಧ್ಯಾಹ್ನ ಇನ್ಯಾರದೋ ಮನೆಯಿಂದ ಬಂದಿದ್ದ ಎಳ್ಳಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಒಳಗೊಂದು ಆನೆ ಕೂತಿತ್ತು. ಹೊಟ್ಟೆಯ ಮೇಲೆ ಗೀರು, ಎಡಗಿವಿಯ ಹಿಂದೆ ಒಂದು ಕುಂಕುಮದ ಬೆರಳಚ್ಚು.

“ರೀ, ಇದು ನಾನೇ ಮಾಡಿದ್ದು. ಕುಂಕುಮದ ಕೈಲಿ ಎತ್ತಿಟ್ಟೆ ಅಂತ ಅವತ್ತೇ ಬೈಕೊಂಡಿದ್ದೆ. ಇದನ್ನ ಶಕುಂತಲಾ ಅವ್ರಿಗೆ ಕೊಟ್ಟಿದ್ನಲ್ಲ?”

ಅಳಿಯಂದಿರು ಫೋನು ತೆಗೆದರು. ನಾಲ್ಕು ಮನೆಯ ಫೋಟೋದಲ್ಲೂ ಅದೇ ಕಿವಿ, ಅದೇ ಕುಂಕುಮ. ಅವರಿಗೆ ಮೊದಲೇ ಕಂಡಿತ್ತಂತೆ. ಆದರೆ ಆನೆಯ ಎಡಗಿವಿಗೆ ಕುಂಕುಮ ಇಡುವುದು ಏನೋ ಶಾಸ್ತ್ರ, ಗಂಡಸರಿಗೆ ಗೊತ್ತಿಲ್ಲದ್ದು, ಕೇಳಿದರೆ ನಗುತ್ತಾರೆ ಎಂದು ಸುಮ್ಮನಿದ್ದರಂತೆ. ನಾಲ್ಕು ಆನೆ ಎಂದು ಎಣಿಸಿದ್ದು ಒಂದೇ ಆನೆ, ಮನೆ ಮನೆ ತಿರುಗಿ ತೌರಿಗೆ ಬಂದಿತ್ತು. ಕಂಡದ್ದನ್ನೇ ಮತ್ತೆ ಮತ್ತೆ ಕಂಡು, ಹೊಸ ಅಚ್ಚು ಇನ್ನಿಲ್ಲ ಎಂದು ಲೆಕ್ಕ ಮೋಸಹೋಗಿತ್ತು.

ಈಗ ಹೆಂಗಸರೆಲ್ಲ ಶಕುಂತಲಾಳನ್ನು ನೋಡಿದರು. ನೋಡಿದವರಲ್ಲಿ ಮೂವರು ಅದೇ ಆನೆಯನ್ನು ಮುಂದಿನ ಮನೆಗೆ ದಾಟಿಸಿದವರೇ. ಅವಳು ಸೆರಗು ಸರಿಮಾಡಿಕೊಂಡಳು.

“ನನ್ ಆನೆಗಳ್ದೆಲ್ಲ ಸೊಂಡ್ಲು ಮುರೀತು. ಮುರಿದಿದ್ದು ಕೊಡಕ್ಕಾಗತ್ತಾ? ಪಾಯಸಕ್ಕೆ ಹಾಕ್ದೆ.”

“ಕರಗಿಸಿಬಿಟ್ರಾ?” ಎಂದು ಇವರು ಎಷ್ಟು ಸಂತೋಷದಿಂದ ಕೇಳಿದರೆಂದರೆ ಅವಳಿಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಹಳೇ ನಾಣ್ಯವನ್ನೂ ಹೀಗೆಯೇ ಕರಗಿಸುತ್ತಿದ್ದರು, ಆ ಅಚ್ಚುಗಳ ಗುರುತೇ ಉಳಿಯುವುದಿಲ್ಲ ಎಂದು ವಿವರಿಸತೊಡಗಿದರು. ಹೆಂಗಸರು ಎದ್ದು ಕೋಟು ಹುಡುಕಿದರು.

ಸಂತೋಷ ಆ ಸಂಜೆಗೆ ಮುಗಿಯಿತು. ಸಿಡಾನಿನ ಫೋಟೋಗಳನ್ನು ಮತ್ತೆ ತೆಗೆದು ನೋಡಿದರೆ ಅಲ್ಲಿಯೂ ಅದೇ ಕಥೆ. ಒಂದು ವರ್ಷ ಒಂದು ಊರಿನಲ್ಲಿ ಹರಾಜಾದ ನಾಣ್ಯ, ಉಜ್ಜಿಸಿಕೊಂಡು ಬೆಳ್ಳಗಾಗಿ ಇನ್ನೊಂದು ವರ್ಷ ಬೇರೆ ಊರಿನಲ್ಲಿ ಬಂದಿತ್ತು. ಅಂಚಿನ ಕಚ್ಚು ನೋಡಿದರೆ ಅದೇ ನಾಣ್ಯ. ಇವರು ಎರಡೆಂದು ಎಣಿಸಿದ್ದರು. ಅಂಥವನ್ನೆಲ್ಲ ಕಿತ್ತು ಹಾಕಿದ ಮೇಲೆ, ಒಂದೇ ಸಲ ಕಂಡ ಅಚ್ಚುಗಳು ಹೆಚ್ಚಾದವು. ಅಂದರೆ ಕಾಣದ ಅಚ್ಚುಗಳೂ ಹೆಚ್ಚು. ಎಷ್ಟು ಹೆಚ್ಚು ಎಂದು ಗಟ್ಟಿಯಾಗಿ ಹೇಳುವ ಹಾಗಿಲ್ಲ. ಭಾಷಣಕ್ಕೆ ಆರೇ ದಿನ ಉಳಿದಿತ್ತು. ಡೆಕ್ಲನ್‌ಗೆ ಫೋನು ಮಾಡಿ, ನನ್ನ ಉತ್ತರ ತಪ್ಪಾಗಿದೆ, ಭಾಷಣ ಬೇಡ ಎಂದರು. ಆತ ಗ್ರ್ಯಾಂಡ್ ಎಂದ. ಬೇಡವೆಂದದ್ದಕ್ಕೆ ಗ್ರ್ಯಾಂಡೋ, ತಪ್ಪಾದದ್ದಕ್ಕೆ ಗ್ರ್ಯಾಂಡೋ ಇವರಿಗೆ ತಿಳಿಯಲಿಲ್ಲ. ಮತ್ತೆ ಕೇಳಲು ಸಂಕೋಚ. ಆ ಸಂಕೋಚದಲ್ಲೇ ಶನಿವಾರ ಬಂದುಬಿಟ್ಟಿತು.

“ತಪ್ಪಿದ್ದು ಹೇಗೆ ಅಂತಾನೇ ಹೇಳ್ರಿ. ನಿಮ್ಗೆ ಬೇರೆಯವ್ರ ತಪ್ಪು ಹುಡ್ಕೋಕೆ ತಾನೆ ಸಂಬಳ? ಇವತ್ತು ನಿಮ್ದೇ ಸಿಕ್ಕಿದೆ,” ಎಂದಳು ಶ್ರೀಲಕ್ಷ್ಮಿ.

ಸಂಘದ ಸಭೆಯಲ್ಲಿ ಅಳಿಯಂದಿರು ಅದನ್ನೇ ಹೇಳಿದರು. ಶಕುಂತಲಾಳ ಸಮಾಧಾನಕ್ಕೆ ಅವಳ ತೇಗದ ಅಚ್ಚಿನ ಚಿತ್ರವನ್ನು ದೊಡ್ಡದು ಮಾಡಿ, ಹೆಸರು ಹಾಕಿ, ಕೊನೆಗೆ ತೋರಿಸುವುದೆಂದು ಮಾತಾಗಿತ್ತು. ಅವಳು ಕೋಟಿನೊಳಗೆ ರೇಷ್ಮೆ ಸೀರೆಯುಟ್ಟು, ಗುಂಪಿನ ಹೆಂಗಸರನ್ನೆಲ್ಲ ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಡುವೆ ಒಬ್ಬಾತ ಚಹಾಕ್ಕೆ ನೀರಿಡಲು ಎದ್ದ. ಶಕುಂತಲಾ ತಿರುಗಿ ನೋಡಿದಳು. ಆತ ಕೂತ.

ಅಳಿಯಂದಿರು ಕುಂಕುಮದ ಆನೆಯನ್ನು ಕೈಯಿಂದ ಕೈಗೆ ಕಳಿಸಿದರು. ವಾಪಸು ಬಂದಾಗ ಅದಕ್ಕೆ ಸೊಂಡಿಲಿರಲಿಲ್ಲ. ಕೊನೆಗೆ ತೇಗದ ಅಚ್ಚು ಪರದೆಯ ಮೇಲೆ ಬಂತು, ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ಹಾಗಾದರೆ ಆ ರಾಜ ಒಟ್ಟು ಎಷ್ಟು ನಾಣ್ಯ ಹೊಡೆಸಿದ ಎಂದು ಡೆಕ್ಲನ್ ಕೇಳಿದ. ನಾನು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು, ಅಷ್ಟು ಮಾತ್ರ ಗೊತ್ತು ಎಂದರು ಇವರು. ಗ್ರ್ಯಾಂಡ್ ಎಂದ.

ಬಸ್ಸಿನಲ್ಲಿ ವಾಪಸು ಬರುವಾಗ ಅಳಿಯಂದಿರು ಸೊಂಡಿಲಿಲ್ಲದ ಆನೆಯನ್ನು ಡಬ್ಬಿಗೆ ಹಾಕಿದರು. ಆಮೇಲೆ ನನ್ನ ಕಡೆ ಬಾಗಿದರು.

“ಅತ್ತೆ, ಯಾರಾದ್ರೂ ಎದ್ದು ಹೋದ್ರಾ?”

“ಒಬ್ರೂ ಹೋಗ್ಲಿಲ್ಲಪ್ಪ,” ಎಂದೆ.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಮೊದಲಿನಿಂದಲೂ ಗೊರಕೆ ಹೊಡೆಯುತ್ತಿದ್ದ. ಅವನನ್ನೂ ನಾನು ಕೂತವರ ಲೆಕ್ಕಕ್ಕೇ ಸೇರಿಸಿದೆ.