ಈರಪ್ಪನ ಸಲುವಾಗಿ ಬಿಟ್ಟ ಚಹಾ

ಒಳಗೆ ಚಹಾ ಕುದಿಯುತ್ತಿದೆ. ಜಜ್ಜಿ ಹಾಕಿದ ಶುಂಠಿಯ ವಾಸನೆ ನಡುಮನೆ ದಾಟಿ, ನಾನು ಕುಳಿತು ಬರೆಯುವ ಕಿಟಕಿಯ ತನಕ ಬಂದಿದೆ. ನೀವು ರಾಮದುರ್ಗದ ನಮ್ಮ ಮನೆಗೆ ಬಂದರೆ ನಿಮ್ಮ ಮುಂದೆ ಚಹಾದ ಕಪ್ಪು ಬರುತ್ತದೆ, ನನ್ನ ಮುಂದೆ ನೀರಿನ ತಂಬಿಗೆ ಬರುತ್ತದೆ. ಆಗ ನೀವು ಪಿತ್ತವೇ ಎಂದು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಮೊದಮೊದಲು ನಾನೂ ಹೌದೆನ್ನುತ್ತಿದ್ದೆ. ಆದರೆ ಪಿತ್ತಕ್ಕೆ ಔಷಧ ಗೊತ್ತಿಲ್ಲದ ಮನುಷ್ಯ ಈ ತಾಲ್ಲೂಕಿನಲ್ಲೇ ಇಲ್ಲ. ಜೀರಿಗೆ ಕಷಾಯದಿಂದ ಹಿಡಿದು ತಲೆಕೆಳಗಾಗಿ ನಿಲ್ಲುವವರೆಗೆ ಎಲ್ಲ ಸಲಹೆಗಳನ್ನೂ ಕೇಳಿ ಬೇಸತ್ತು, ಈಗ ನಿಜವನ್ನೇ ಹೇಳಿಬಿಡುತ್ತೇನೆ. ನಾನು ಚಹಾ ಬಿಟ್ಟದ್ದು ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಆಡುವ ಒಬ್ಬ ಬೋಳುತಲೆಯ ಮನುಷ್ಯನಿಗಾಗಿ. ಆಡುವ ಎಂದದ್ದು ತಪ್ಪಾಯಿತು. ಅವನು ಆಡುತ್ತಿರಲಿಲ್ಲ, ಅದೇ ತೊಂದರೆಯಾದದ್ದು.

ಬೈಲಹೊಂಗಲದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕನಾಗಿದ್ದ ದಿನಗಳವು. ಮದುವೆಯಾಗಿರಲಿಲ್ಲ. ನನ್ನ ತಂದೆಯ ಅಕ್ಕ ಗೌರತ್ತಿ ಅಲ್ಲಿ ಖಾನಾವಳಿ ನಡೆಸುತ್ತಿದ್ದಳು, ಈಗಲೂ ನಡೆಸುತ್ತಾಳೆ. ಕೆಳಗೆ ಖಾನಾವಳಿ, ಮೇಲಿನ ಕೋಣೆಯಲ್ಲಿ ನಾನು. ಬೆಳಗ್ಗೆ ಆರಕ್ಕೆ ರೊಟ್ಟಿ ಬಡಿಯುವ ಸಪ್ಪಳ ನನ್ನ ಮಂಚದ ಕಾಲಿಗೇ ತಟ್ಟುತ್ತಿತ್ತು. ಅತ್ತಿ ಬಡಿದದ್ದನ್ನು ಕೆಲಸಕ್ಕೆ ಬರುತ್ತಿದ್ದ ಶಾಂತವ್ವ ಬೇಯಿಸುತ್ತಿದ್ದಳು. ಬೆಂದ ರೊಟ್ಟಿಯನ್ನು ಆಕೆ ಕುಳಿತಲ್ಲಿಂದಲೇ ಎಸೆದರೆ ಅದು ಗೋಡೆಯ ಬುಡದಲ್ಲಿದ್ದ ಬಿದಿರಿನ ಬುಟ್ಟಿಯೊಳಗೆ ಹೋಗಿ ಬೀಳುತ್ತಿತ್ತು. ಒಂದಾದರೂ ಹೊರಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಖಾನಾವಳಿಯಲ್ಲಿ ಒಂದು ಟಿವಿ ಇತ್ತು. ಒಂದು ದಿನ ಅದರ ರಿಮೋಟು ಕಪಾಟಿನಿಂದ ಜಾರಿ ಕುದಿಯುವ ಬೇಳೆಸಾರಿನಲ್ಲಿ ಬಿತ್ತು. ಆ ದಿನದ ಸಾರು ಚೆನ್ನಾಗಿತ್ತು ಎಂದು ಒಬ್ಬರು ಎರಡು ಸಲ ಹಾಕಿಸಿಕೊಂಡರು, ಅದು ಬೇರೆ ಮಾತು. ಟಿವಿಯ ಮೈಮೇಲಿದ್ದ ಗುಂಡಿಗಳನ್ನು ಅತ್ತಿ ಪ್ರತಿ ದಸರೆಗೆ ಕುಂಕುಮ ಹಚ್ಚಿ, ನೀರು ಚಿಮುಕಿಸಿ, ಭಕ್ತಿಯಿಂದಲೇ ಕೆಡಿಸಿಟ್ಟಿದ್ದಳು. ಹೀಗಾಗಿ ರಿಮೋಟು ಸಾರಿಗೆ ಬಿದ್ದಾಗ ಯಾವ ಚಾನೆಲ್ ಇತ್ತೋ ಅದೇ ಕಾಯಂ ಆಯಿತು. ಅದೊಂದು ಕ್ರೀಡಾ ಚಾನೆಲ್. ಅಮೆರಿಕದಲ್ಲಿ ಸಂಜೆಯಾದರೆ ನಮ್ಮಲ್ಲಿ ಬೆಳಗಾಗುವುದರಿಂದ, ಅಲ್ಲಿನ ಎಲ್ಲಕ್ಕಿಂತ ದೊಡ್ಡ ಬಾಸ್ಕೆಟ್‌ಬಾಲ್ ಲೀಗಿನ ಆಟ ಸರಿಯಾಗಿ ನಮ್ಮ ರೊಟ್ಟಿ ಹೊತ್ತಿಗೆ ಬರುತ್ತಿತ್ತು. ಇಬ್ಬರು ಹೆಂಗಸರು ಹಿಟ್ಟಿನ ಕೈಯಲ್ಲಿ ಅದನ್ನೇ ನೋಡತೊಡಗಿದರು.

"ತಮ್ಮಾ, ಆ ಬುಟ್ಟಿಗಿ ತಳಾನ ಇಲ್ಲಲ್ಲೋ!" ಎಂದಳು ಅತ್ತಿ ಮೊದಲ ದಿನ. "ಇಷ್ಟ ದೊಡ್ಡ ದೇಶ ಐತಿ, ಒಂದ ಚಲೋ ಬುಟ್ಟಿ ಸಿಗಲಿಲ್ಲೇನು ಇವರಿಗಿ?"

"ತಳ ಇದ್ರ ಚೆಂಡ ಅಲ್ಲೇ ಕುಂದರತೈತಿ ಅತ್ತಿ. ತಗ್ಯಾಕ ನಿಚ್ಚಣಿಕಿ ತರಬೇಕಾಕ್ಕೇತಿ."

"ಕುಂದರಲಿ. ಹಾಕಿದ್ದು ಉಳೀಬೇಕಪ್ಪ. ಸೋರೂ ಬುಟ್ಟಿಗಿ ಹಾಕಿ ಹಾಕಿ ಏನ ಬಂತು?"

ಆವತ್ತು ಕಾಲೇಜಿಗೆ ಹೋಗಿ ಇದಕ್ಕೆ ಉತ್ತರ ಹುಡುಕಿದೆ. ಗ್ರಂಥಾಲಯದಲ್ಲೂ ಸಿಗಲಿಲ್ಲ.

ಆಟದ ನಿಯಮಗಳನ್ನು ನಾನು ಹೇಳಿಕೊಟ್ಟೆ. ಐದೈದು ಜನ ಆಡುತ್ತಾರೆ, ಉಳಿದವರು ಪಕ್ಕದಲ್ಲಿ ಸಾಲಾಗಿ ಕುಳಿತಿರುತ್ತಾರೆ, ಕೋಚ್ ಕರೆದಾಗ ಒಬ್ಬೊಬ್ಬರೇ ಇಳಿಯುತ್ತಾರೆ ಎಂದೆ. ಈ ಕೊನೆಯ ಮಾತನ್ನು ನಾನು ಹೇಳಬಾರದಿತ್ತು. ಆವರೆಗೆ ಆಡುವವರನ್ನು ನೋಡುತ್ತಿದ್ದ ಅತ್ತಿ ಆವತ್ತಿನಿಂದ ಕುಳಿತವರನ್ನು ನೋಡತೊಡಗಿದಳು. ನೋಡನೋಡುತ್ತ ಅವಳಿಗೆ ಅದು ಊಟದ ಪಂಕ್ತಿಯಾಯಿತು, ಕೋಟು ಹಾಕಿಕೊಂಡು ಅತ್ತಿಂದಿತ್ತ ಓಡಾಡುವ ಕೋಚ್ ಬಡಿಸುವವನಾದ. ಒಂದು ತಂಡದ ಸಾಲಿನ ಕಟ್ಟಕಡೆಯಲ್ಲಿ ಒಬ್ಬ ವಯಸ್ಸಾದ ಆಟಗಾರ ಕೊರಳಿಗೆ ಟವೆಲು ಸುತ್ತಿಕೊಂಡು, ಹಜಾಮತಿಗೆ ಬಂದವನ ಹಾಗೆ ಕುಳಿತಿರುತ್ತಿದ್ದ. ನುಣ್ಣಗಿನ ತಲೆ. ಆ ತಂಡದವರು ಒಂದು ದಿನ ಕೆಂಪು, ಒಂದು ದಿನ ಬಿಳಿ ಅಂಗಿ ಹಾಕಿ ಬರುತ್ತಿದ್ದರಿಂದ ನಮಗೆ ಆ ತಲೆಯೇ ಗುರುತು. ಕಟಕೋಳದಲ್ಲಿ ಅತ್ತಿಯ ತವರುಮನೆಯ ಪಕ್ಕದ ಬಡಿಗೇರ ಈರಪ್ಪನದೂ ಅಂಥದೇ ತಲೆಯಂತೆ. ಹಾಗಾಗಿ ಇವನೂ ಈರಪ್ಪನಾದ.

ವಾರಕ್ಕೆರಡು ಸಲ ಆ ತಂಡದ ಆಟ ಬರುತ್ತಿತ್ತು. ಈರಪ್ಪ ಬರುತ್ತಿದ್ದ, ಕೂರುತ್ತಿದ್ದ, ಚಪ್ಪಾಳೆ ತಟ್ಟುತ್ತಿದ್ದ, ಎದ್ದು ಹೋಗುತ್ತಿದ್ದ. ಒಂದು ತಿಂಗಳು ನೋಡಿದ ಮೇಲೆ ಅತ್ತಿಯ ಸಹನೆ ಮುಗಿಯಿತು.

"ಎಲ್ಲಾರಿಗೂ ಎರಡೆರಡ ಸಲ ಬಡಸ್ತಾನ, ಮೂಲ್ಯಾಗಿನಾಂವನ ಕಡೆ ಹೊಳ್ಳಿ ಸುದ್ದಾ ನೋಡೂದಿಲ್ಲ. ಪಂಕ್ತಿಯೊಳಗ ಕುಂತಾಂವನ್ನ ಉಪವಾಸ ಎಬ್ಬಸ್ತಾರೇನೋ? ಎಂಥಾ ಮಂದಿ ಇವರು!"

ಇದು ಅವಳಿಗೆ ಆಟದ ಮಾತಾಗಿರಲಿಲ್ಲ. ಅವಳ ಖಾನಾವಳಿಯಲ್ಲಿ ಇರುವುದು ಅದೊಂದೇ ಕಾನೂನು. ರೊಟ್ಟಿ ಮುಗಿದ ಮೇಲೆ ಯಾರಾದರೂ ಬಂದು ಕುಳಿತುಬಿಟ್ಟರೆ, ತನ್ನ ತಾಟನ್ನೇ ಅವರ ಮುಂದೆ ಸರಿಸಿ ತಾನು ಅವಲಕ್ಕಿ ನೆನೆಸಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನಮ್ಮ ಕಡೆ ಹರಕೆ ಹೊತ್ತವರು ಏನಾದರೊಂದು ಬಿಡುವುದುಂಟು. ಚಪ್ಪಲಿ ಬಿಡುತ್ತಾರೆ, ಉಳ್ಳಾಗಡ್ಡಿ ಬಿಡುತ್ತಾರೆ. ಮರುದಿನ ಅತ್ತಿ ಸವದತ್ತಿಯ ದೇವಿಯ ದಿಕ್ಕಿಗೆ ತಿರುಗಿ ಕೈಮುಗಿದು, "ಯವ್ವಾ, ಈರಪ್ಪನ್ನ ಆಡಾಕ ಇಳಸೂ ತನಕಾ ನಾ ಚಾ ಮುಟ್ಟಾಕಿ ಅಲ್ಲ" ಎಂದುಬಿಟ್ಟಳು. ದಿನಕ್ಕೆ ಎಂಟು ಸಲ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಓಣಿಗೆಲ್ಲ ಕೇಳುವಂತೆ ಸೊರ್ರೆಂದು ಹೀರುತ್ತಿದ್ದ ಹೆಂಗಸು!

ಮುಂದಿನ ಮೂರು ವಾರಗಳನ್ನು ನೆನೆದರೆ ಈಗಲೂ ನನ್ನ ತಲೆ ನೋಯುತ್ತದೆ. ಅತ್ತಿ ಹಣೆಗೆ ಬಟ್ಟೆ ಬಿಗಿದುಕೊಂಡು ಅಡುಗೆಗೆ ನಿಂತಳು. ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು, ಸಾರಿಗೆ ಬೀಳಲೇ ಇಲ್ಲ. ಇನ್ನೊಂದು ಚೂರು ಮೊಸರು ಕೇಳಿದ ನಿವೃತ್ತ ಮಾಸ್ತರರೊಬ್ಬರಿಗೆ, "ಮನ್ಯಾಗ ಎಮ್ಮಿ ಇಲ್ಲೇನ್ರಿ ನಿಮಗ?" ಎಂದು ಕೇಳಿದಳು. ಆ ಮಾಸ್ತರರು ನನ್ನನ್ನು ಹೊರಗೆ ಕರೆದು, "ನಿಮ್ಮ ಅತ್ತಿಯವರ ತಬ್ಯೇತು ಬರೋಬರಿ ಐತೇನ್ರಿ?" ಎಂದರು. ಕಾರಣ ಹೇಳಿದೆ. ಮರುದಿನದಿಂದ ಅವರೂ ಬೆಳಗ್ಗೆ ಆರಕ್ಕೇ ಬಂದು ಟಿವಿ ಮುಂದೆ ಕೂರತೊಡಗಿದರು.

ಒಂದು ಆಸೆಯಿತ್ತು. ಆಟ ಪೂರ್ತಿ ಕೈಬಿಟ್ಟು ಹೋದಾಗ, ಇನ್ನು ಸೋಲು ಖಾತ್ರಿ ಎಂದಾದಾಗ, ಕೋಚ್‌ಗಳು ಕೊನೆಯವರನ್ನೂ ಇಳಿಸುತ್ತಾರೆ. ಇದನ್ನು ಹೇಳಿದ್ದೇ ತಡ, ನಾವೆಲ್ಲ ನಮ್ಮ ತಂಡ ಸೋಲಲಿ ಎಂದು ಬೇಡಿಕೊಳ್ಳತೊಡಗಿದೆವು. ಬರೀ ಸೋತರೆ ಸಾಲದು, ಮಾನ ಹೋಗುವಂತೆ ಸೋಲಬೇಕು. ಎದುರಾಳಿ ಚೆಂಡು ಹಾಕಿದರೆ ಶಾಂತವ್ವ ದೃಷ್ಟಿ ತಾಗದಿರಲೆಂದು ಲಟಿಕೆ ಮುರಿಯುತ್ತಿದ್ದಳು, ನಮ್ಮವನು ಹಾಕಿದರೆ "ಇವನ ಕೈ ಸೇದಿ ಹೋಗಲಿ" ಎನ್ನುತ್ತಿದ್ದಳು. ಅಂಥ ಅಭಿಮಾನಿಗಳು ಆ ತಂಡಕ್ಕೆ ಜಗತ್ತಿನಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ.

ಕೊನೆಗೂ ಒಂದು ಬೆಳಗ್ಗೆ ದೇವರು ಕಣ್ಣು ತೆರೆದ. ನಮ್ಮವರು ಮೂವತ್ತು ಅಂಕ ಹಿಂದೆ ಬಿದ್ದರು. ನಾಲ್ಕು ನಿಮಿಷ ಉಳಿದಿತ್ತು. ಕೋಚ್ ಸಾಲಿನ ಕೊನೆಗೆ ನೋಡಿದ. ಈರಪ್ಪ ಟವೆಲು ತೆಗೆದ. ಮೇಲಂಗಿ ಕಳಚಿದ. ಎದ್ದು ನಿಂತ! ಅತ್ತಿಯೂ ಎದ್ದು ನಿಂತಳು. "ಶಾಂತವ್ವಾ, ಚಾಕ್ಕ ಎಸರ ಇಡು!" ಎಂದಳು. ಮಾಸ್ತರರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

ಕರೆಂಟು ಹೋಯಿತು.

ಹತ್ತು ನಿಮಿಷ ಕಾದರೂ ಬರದಿದ್ದಾಗ ನಾನು ಮೊಬೈಲು ತೆಗೆದು ಅಂಕಪಟ್ಟಿ ನೋಡಿದೆ. ಕೋಚ್ ಕೊನೆಗಳಿಗೆಯಲ್ಲಿ ಬೇರೆ ಯಾರನ್ನೋ ಇಳಿಸಿದ್ದ. ಆಟ ಮುಗಿದಿತ್ತು. ಈರಪ್ಪನ ಹೆಸರಿನ ಮುಂದೆ ಎಂದಿನ ಹಾಗೆ "ಆಡಲಿಲ್ಲ" ಎಂದೇ ಇತ್ತು. ತಲೆಯೆತ್ತಿದರೆ ಹೊಗೆಯ ನಡುವೆ ಅತ್ತಿಯ ಮುಖ. ಹಣೆಗೆ ಬಟ್ಟೆ, ಕೈಯಲ್ಲಿ ಆಗಲೇ ಬಸಿ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಈರಪ್ಪ ಕಾಲೇಜು ಹುಡುಗನಾಗಿದ್ದಾಗ ಆಡಿದ ಒಂದು ಹಳೆಯ ತುಣುಕು ಸಿಕ್ಕಿತು. ಅದನ್ನೇ ಮುಂದೆ ಹಿಡಿದು, "ನೋಡ ಅತ್ತಿ, ಫೋನಿನ್ಯಾಗ ಬರಾಕಹತ್ತೇತಿ. ಆಡಾಕಹತ್ಯಾನ ನೋಡ!" ಎಂದೆ. ಅತ್ತಿ ಕನ್ನಡಕವಿಲ್ಲದೆಯೇ ನೋಡಿದಳು, ಕಣ್ಣೊರೆಸಿಕೊಂಡಳು, ಒಂದರ ಮೇಲೊಂದು ಮೂರು ಬಸಿ ಚಹಾ ಕುಡಿದಳು. ಅವತ್ತಿನ ಮಧ್ಯಾಹ್ನ ಖಾನಾವಳಿಗೆ ಬಂದವರಿಗೆಲ್ಲ ಶೇಂಗಾ ಹೋಳಿಗೆ.

ಎರಡು ದಿನ ಕಳೆದು ಮುಂದಿನ ಆಟ ಬಂತು. ಈರಪ್ಪ ತನ್ನ ಮೂಲೆಯಲ್ಲಿ ಕುಳಿತಿದ್ದ. ಶಾಂತವ್ವ ರೊಟ್ಟಿ ತಿರುವುತ್ತ ಮೆಲ್ಲಗೆ ಕೇಳಿದಳು: "ಅಕ್ಕಾರ, ಮೊನ್ನಿ ಫೋನಿನ್ಯಾಗ ಇಂವಗ ತಲೀ ತುಂಬ ಕೂದಲಾ ಇದ್ದೂವಲ್ರಿ?"

ಅತ್ತಿ ನನ್ನತ್ತ ತಿರುಗಿದಳು. ಮನುಷ್ಯ ಸಿಕ್ಕಿಬಿದ್ದಾಗ ಒಪ್ಪಿಕೊಳ್ಳಬೇಕು. ನಾನು ಹಾಗೆ ಮಾಡದೆ, "ಆಡೂಮುಂದ ಅಷ್ಟ ಸುಳ್ಳ ಕೂದಲ ಹಚ್ಕೋತಾನ ಅತ್ತಿ" ಎಂದೆ.

ಮಾಸ್ತರರು ನಾಚಿಕೆಯಿಂದ ಗೋಡೆ ನೋಡತೊಡಗಿದರು. ಅತ್ತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ನನ್ನ ಚಹಾದ ಕಪ್ಪನ್ನು ತೊಳೆದು, ಒರೆಸಿ, ಕಪಾಟಿನ ಮೇಲೆ ಬೋರಲು ಇಟ್ಟಳು.

"ನನ್ನ ಹರಕಿ ಕೆಡಿಸಿದಾಂವ ನೀ. ಇನ್ನ ಅದನ್ನ ನೀನ ಹೊರು. ಈರಪ್ಪ ಇಳಿಯೂ ತನಕಾ ನಿನಗ ಚಾ ಇಲ್ಲ."

ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಒಪ್ಪಿಕೊಂಡೆ. ಹೆಚ್ಚೆಂದರೆ ಒಂದು ತಿಂಗಳು ಎಂದುಕೊಂಡಿದ್ದೆ. ಆ ವರ್ಷದ ಲೀಗು ಮುಗಿಯಿತು, ಅವನು ಇಳಿಯಲಿಲ್ಲ. ಮುಂದಿನ ವರ್ಷದ ಮೊದಲ ಆಟದಲ್ಲಿ ನೋಡಿದರೆ ಸಾಲಿನಲ್ಲೇ ಅವನಿಲ್ಲ. ತಂಡ ಅವನನ್ನು ಕೈಬಿಟ್ಟಿತ್ತು. ಅತ್ತಿ ಎಂದಿನಂತೆ ನನ್ನೆದುರೇ ಸೊರ್ರೆಂದು ಹೀರುತ್ತ, "ಪಾಪ, ಉಣ್ಣದ ಎದ್ದು ಹೋದಾ" ಎಂದಳು. ನನ್ನ ಕಪ್ಪನ್ನು ಮಾತ್ರ ಕಪಾಟಿನಿಂದ ಇಳಿಸಲಿಲ್ಲ.

ಚಹಾ ಕುಡಿಯದವನ ಪಾಡು ಏನೆಂದು ಕನ್ಯೆ ನೋಡಲು ಮುರಗೋಡಕ್ಕೆ ಹೋದಾಗ ಗೊತ್ತಾಯಿತು. ಹುಡುಗಿ ತಾನೇ ಚಹಾ ತಂದುಕೊಟ್ಟಳು. ನಾನು ಒಲ್ಲೆ ಎಂದೆ. ಹುಡುಗಿ ತಂದ ಚಹಾ ಒಲ್ಲೆ ಎಂದರೆ ಹುಡುಗಿಯನ್ನೇ ಒಲ್ಲೆ ಎಂದ ಹಾಗೆ. ಅವಳ ತಂದೆ ಎದ್ದುನಿಂತರು. ಬೇರೆ ದಾರಿ ಕಾಣದೆ ಈರಪ್ಪನ ಕತೆಯನ್ನು ಬೇಳೆಸಾರಿನಿಂದ ಬೋಳುತಲೆಯ ತನಕ ಹೇಳಿದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಹಿಂದಿನಿಂದ ಒಂದು ನಗು ಕೇಳಿತು. ಆ ನಗುವೇ ಈಗ ಒಳಗೆ ಚಹಾ ಕುದಿಸುತ್ತಿರುವುದು.

ಹೀಗೆ ನಾಲ್ಕು ವರ್ಷ ಕಳೆಯಿತು. ಹೋದ ವಾರ ಮೊಬೈಲಿನಲ್ಲಿ ಏನೋ ನೋಡುತ್ತಿದ್ದವನಿಗೆ ಆ ತಲೆ ಕಂಡಿತು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಜಪಾನ್ ದೇಶದ ದೊಡ್ಡ ಲೀಗಿನಲ್ಲಿ, ಹಳದಿ ಅಂಗಿ ತೊಟ್ಟು ಈರಪ್ಪ ಓಡುತ್ತಿದ್ದ! ಅತ್ತಿಗೆ ಫೋನು ಮಾಡಿದೆ.

"ಕೂದಲ ಅದಾವೇನು?" ಎಂದಳು.

"ಇಲ್ಲ ಅತ್ತಿ."

"ಆದ್ರೂ ನಿನ್ನ ಫೋನ ನಾ ನಂಬಾಕಿ ಅಲ್ಲ. ಆಡೂಮುಂದ ಬಂದ ತೋರ್ಸು."

ಭಾನುವಾರ ಮೊದಲ ಬಸ್ಸಿಗೇ ಬೈಲಹೊಂಗಲಕ್ಕೆ ಹೋದೆ. ಜಪಾನಿನ ಆಟ ನಮ್ಮ ಹತ್ತೂವರೆಗೆ. ಕರೆಂಟಿನ ಭಯಕ್ಕೆ ಮೊಬೈಲನ್ನು ತುಂಬ ಚಾರ್ಜು ಮಾಡಿಕೊಂಡಿದ್ದೆ. ಅದನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟು ಮೂವರೂ ಕುಳಿತೆವು. ಅತ್ತಿ ಕನ್ನಡಕ ಒರೆಸಿ ಹಾಕಿಕೊಂಡಳು. ಆಟ ಶುರುವಾದಾಗಲೇ ಈರಪ್ಪ ಮೈದಾನದಲ್ಲಿದ್ದ. ಮೊದಲ ಹೊಡೆತ ಗುರಿ ತಪ್ಪಿತು, ಎರಡನೆಯದೂ ತಪ್ಪಿತು, ಮೂರನೆಯದು ಬುಟ್ಟಿಗೆ ಬಿತ್ತು. ಶಾಂತವ್ವ ಕೈಯಲ್ಲಿದ್ದ ರೊಟ್ಟಿಯನ್ನು ಎಸೆದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದು ಬುಟ್ಟಿಯ ಹೊರಗೆ ಬಿತ್ತು.

"ಉಂಡಾ ನೋಡ ನನ್ನಪ್ಪ!" ಎಂದಳು ಅತ್ತಿ. ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂತು, ಹೊಗೆಯ ಮೇಲೆ ಹಾಕಿದೆ. ಕಪಾಟಿನ ಮೇಲೆ ನಾಲ್ಕು ವರ್ಷ ಬೋರಲಾಗಿದ್ದ ಕಪ್ಪನ್ನು ಅತ್ತಿ ತಾನೇ ಇಳಿಸಿ, ತೊಳೆದು, ತುಂಬಿ ಕೊಟ್ಟಳು. ನಾನು ಮೊದಲ ಗುಟುಕು ಕುಡಿದೆ. ಅದರ ಬಗ್ಗೆ ಬರೆಯುವುದಿಲ್ಲ, ಬರೆದರೆ ಹೆಂಡತಿಗೆ ಬೇಜಾರಾಗುತ್ತದೆ.

ಅರ್ಧ ಕಪ್ಪು ಮುಗಿದಿತ್ತು. ಅತ್ತಿಯ ಸೊರ್ರೆಂಬ ಸದ್ದು ನಿಂತದ್ದು ಗೊತ್ತಾಗಿ ತಿರುಗಿದೆ. ಅವಳು ಬಸಿಯನ್ನು ಕೆಳಗಿಟ್ಟಿದ್ದಳು. ಅವಳ ಕಣ್ಣು ಮೊಬೈಲಿನ ಒಂದು ಮೂಲೆಯಲ್ಲಿತ್ತು.

"ತಮ್ಮಾ, ಆ ಕಡೀಗಿ ಕುಂತಾಂವ ಯಾರು?"

ಸಾಲಿನ ಕೊನೆಯಲ್ಲಿ ಕನ್ನಡಕ ಹಾಕಿದ ಒಬ್ಬ ತೆಳ್ಳಗಿನವನು ಮೊಣಕಾಲ ಮೇಲೆ ಟವೆಲು ಹೊದ್ದು ಕುಳಿತಿದ್ದ. ನಾವು ನೋಡುತ್ತಿದ್ದ ಹಾಗೆಯೇ ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡ.

"ಅತ್ತಿ, ಬೇಕಾರ ಈ ಸಲ ಹಾಗಲಕಾಯಿ ಬಿಡೂಣು," ಎಂದೆ ಗಡಬಡಿಸಿ.

"ಬ್ಯಾಡಾಗಿದ್ದ ಬಿಟ್ರ ಅದೇನ ಬಿಟ್ಟಂಗ? ನೀ ಕುಡಿ. ನಿಂದು ಮುಗೀತು. ಇದು ನಂದು."

ಆಕೆ ಹೇಳಿದ್ದು ಸರಿ. ನನ್ನ ಶಿಕ್ಷೆ ಮುಗಿದಿತ್ತು, ಕಪ್ಪಿನಲ್ಲಿ ಇನ್ನೂ ಅರ್ಧ ಚಹಾ ಇತ್ತು, ಬಿಸಿಯೂ ಇತ್ತು. ಆ ತೆಳ್ಳಗಿನವನು ಮತ್ತೊಮ್ಮೆ ಲೇಸು ಬಿಚ್ಚಿ ಕಟ್ಟಿದ. ನಾನು ನನ್ನ ಕಪ್ಪನ್ನು ಒಯ್ದು ಅವಳ ಬಸಿಯ ಪಕ್ಕದಲ್ಲಿಟ್ಟೆ.

ಒಳಗಿನಿಂದ ಹೆಂಡತಿ ಕೂಗಿ ಕೇಳುತ್ತಿದ್ದಾಳೆ: "ಇಳಿಸಿದ್ರೇನ್ರಿ ನಿಮ್ಮ ಜಪಾನದಾಂವನ್ನ? ನಿಮಗೂ ಒಂದ ಕಪ್ ಹಾಕ್ಲೇನು?"

ಇವತ್ತು ಬುಧವಾರ. ಮುಂದಿನ ಆಟ ಶನಿವಾರ.

"ಇನ್ನೂ ಇಲ್ಲ," ಎಂದೆ. "ನೀರ ಕೊಡು."