ಪಾಕಕ್ಕೆ ಬೀಳದ ಬೂಂದಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯ ಒಂದು ಪ್ರಯೋಗಾಲಯದಲ್ಲಿದ್ದೆ. ಹನಿಗಳನ್ನು ಗುಂಡಗೆ ಮಾಡುವುದು ನನ್ನ ಕೆಲಸ. ಯುರೇನಿಯಂ ಕರಗಿರುವ ಹಳದಿ ದ್ರವಕ್ಕೆ ಯೂರಿಯಾ ಮತ್ತು ಇನ್ನೊಂದು ರಾಸಾಯನಿಕ ಬೆರೆಸಿ, ಮಂಜುಗಡ್ಡೆಯಲ್ಲಿ ತಣ್ಣಗಿಟ್ಟು, ಸಣ್ಣ ನಳಿಗೆಯಿಂದ ಬಿಸಿ ಎಣ್ಣೆಗೆ ಹನಿಹನಿಯಾಗಿ ಬಿಡಬೇಕು. ಎಣ್ಣೆಯಲ್ಲಿ ಇಳಿಯುತ್ತ ಹನಿ ತಾನೇ ದುಂಡಗಾಗುತ್ತದೆ, ಬಿಸಿಗೆ ಹಾಗೆಯೇ ಗಟ್ಟಿಯಾಗುತ್ತದೆ. ಆಮೇಲೆ ತೊಳೆಯಬೇಕು. ಒಳಗಿನ ಉಪ್ಪು ಪೂರ್ತಿ ಹೋಗದಿದ್ದರೆ ಒಣಗುವಾಗ ಕಾಳು ಬಿರಿದುಬಿಡುತ್ತದೆ. ಒಣಗಿಸಿ ಕುಲುಮೆಯಲ್ಲಿ ಕಾಯಿಸಿದ ಮೇಲೆ ಉಳಿಯುವುದು ಸಾಸಿವೆಗಿಂತ ಸಣ್ಣ ಕಾಳು. ಅಣುವಿದ್ಯುತ್ತಿಗೆ ಅದೇ ಇಂಧನ. ಪುಡಿಯಿಂದಲೂ ಮಾಡುತ್ತಾರೆ, ಆದರೆ ಪುಡಿ ಎಂದ ಮೇಲೆ ಧೂಳು ಬಂತು, ಆ ಧೂಳು ಎದೆಗಿಳಿದರೆ ಕೇಡು. ಧೂಳೇ ಏಳಬಾರದು ಎಂದು ಈ ಹನಿಯ ಉಸಾಬರಿ.

ಇಷ್ಟನ್ನು ನಾನು ಪ್ರತಿ ದೀಪಾವಳಿಗೂ ಅವ್ವನಿಗೆ ಬಿಡಿಸಿ ಹೇಳುತ್ತಿದ್ದೆ. ಅವಳು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: “ನಮ್ಮಾಕಿ ಬೂಂದಿ ಕರಿಯಾಕ ಮುಂಬೈಗೆ ಹೋಗ್ಯಾಳ.” ತಿಕೋಟಾದ ನಮ್ಮ ಬಳಗವೆಲ್ಲ ಇದನ್ನೇ ಹೇಳಿಕೊಂಡು ನಗುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಹೋಲಿಕೆ ಪೂರ್ತಿ ಸುಳ್ಳಾಗಿರಲಿಲ್ಲ.

ಒಂದು ವರ್ಷ ನಾನು ರಜೆಗೆ ಊರಿಗೆ ಬಂದಿದ್ದಾಗ ಬಬಲೇಶ್ವರದವರು ನನ್ನನ್ನು ನೋಡಲು ವಿಜಯಪುರಕ್ಕೆ ಬಂದರು. ಆಗ ನಾವು ವಿಜಾಪುರ ಎನ್ನುತ್ತಿದ್ದೆವು. ಸೊಲ್ಲಾಪುರ ರಸ್ತೆಯಲ್ಲಿ ಮುಂದೆ ಅಪ್ಪನ ಸೈಕಲ್ ಅಂಗಡಿ, ಹಿಂದೆ ಮನೆ. ಹುಡುಗ ಮುಂಬಯಿಯಲ್ಲೇ ಬ್ಯಾಂಕಿನಲ್ಲಿದ್ದ. ಕನ್ನಡದವರ ಕಾರ್ಯಕ್ರಮಗಳಲ್ಲಿ ಮಾತಾಡಿದ್ದೆವು. ಹಿಡಿಸಿದ್ದ. ಮುಚ್ಚಿಡುವುದೇನು, ಬಹಳ ಹಿಡಿಸಿದ್ದ. ಅವನ ತಾಯಿ ಗಂಡ ತೀರಿದ ಮೇಲೆ ತಾವೇ ಹಿಟ್ಟಿನ ಗಿರಣಿ ನಡೆಸಿ ಮಗನನ್ನು ಓದಿಸಿದವರು. ಒಪ್ಪಿಗೆ ಅವರ ಕೈಯಲ್ಲಿತ್ತು.

ಹೆಣ್ಣು ನೋಡಲು ಬಂದವರು ಸಂಬಂಧ ಗಟ್ಟಿಯಾಗುವ ತನಕ ಸಿಹಿ ಮುಟ್ಟಬಾರದು ಎಂಬುದು ನಮ್ಮವರ ಪದ್ಧತಿ. ಅವಲಕ್ಕಿ, ಭಜಿ, ಚಹಾ ನಡೆಯುತ್ತದೆ. ಚಹಾದೊಳಗಿನ ಸಕ್ಕರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಯಿ ಸಿಹಿ ಮಾಡಿಕೊಂಡರೆ ಮಾತು ಮುಗಿದಂತೆ. ಅವ್ವನಿಗೆ ಅಷ್ಟು ತಾಳ್ಮೆ ಎಲ್ಲಿ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವಳು. ಒಂದು ಒಲೆಯ ಮೇಲೆ ಎಣ್ಣೆ, ಇನ್ನೊಂದರ ಮೇಲೆ ಸಕ್ಕರೆ ಪಾಕ ಇಟ್ಟು, ಕಡಲೆಹಿಟ್ಟು ಕಲಸಿಕೊಂಡು ತಯಾರಾಗಿದ್ದಳು. ಅವರು ಹ್ಞೂಂ ಅಂದ ಕೂಡಲೇ ಬಿಸಿ ಬೂಂದಿ ಪಾಕಕ್ಕೆ ಬೀಳಬೇಕು.

ನಾನು ನೀರಿನ ತಂಬಿಗೆ ತಂದು ಹುಡುಗನ ತಾಯಿಯ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

“ಅಲ್ಲೇ ಇಡು ತಂಗಿ,” ಎಂದರು.

ಇಟ್ಟೆ.

“ಅಣುಬಾಂಬಿನ ಕೆಲಸಂತಲ್ಲ ನಿಂದು. ಕೈಗೆ ಹತ್ತಿದ್ದು ಮೈಯಾಗ ಇಳಿತೈತಂತ. ನಾಳೆ ಮಕ್ಕಳು ಮರಿ ಹೆಂಗ?”

“ಬಾಂಬಲ್ರಿ ಅತ್ತಿ, ಕರೆಂಟಿಂದು,” ಎಂದೆ. ಇನ್ನೂ ಗಟ್ಟಿಯಾಗದ ಸಂಬಂಧಕ್ಕೆ ಆಗಲೇ ಅತ್ತಿ ಎಂದುಬಿಟ್ಟಿದ್ದೆ. “ಬರ್ರಿ, ಒಳಗ ಬರ್ರಿ. ತೋರಸ್ತೀನಿ.”

ಅವರು ಅಡುಗೆಮನೆಗೆ ಬಂದರು. ಮಗ ಬಾಗಿಲಲ್ಲಿ ನಿಂತ. ನಾನು ಅವ್ವನ ಕೈಯಿಂದ ತೂತಿನ ಸೌಟು ಇಸಿದುಕೊಂಡು ಹಿಟ್ಟು ಸುರಿದೆ. ಹಿಟ್ಟು ಗಟ್ಟಿಯಾಗಿತ್ತು, ಕಾಳಿಗೆಲ್ಲ ಬಾಲ ಬಂತು. ಅವನ್ನು ತೆಗೆದು ಬದಿಗಿಟ್ಟೆ. ಹಿಟ್ಟಿಗೆ ಚೂರು ನೀರು ಬೆರೆಸಿ, ಸೌಟನ್ನು ಸ್ವಲ್ಪ ತಗ್ಗಿಸಿ ಹಿಡಿದೆ. ಈ ಸಲ ದುಂಡಗೆ ಇಳಿದವು.

“ನಮ್ಮಲ್ಲಿನೂ ಹಿಂಗ ರೀ. ಹನಿ ಎಣ್ಣ್ಯಾಗ ಬಿದ್ದ ಗಟ್ಟಿ ಆಗತೈತಿ. ನಿಮ್ಮ ಗಿರಣ್ಯಾಗ ಹಿಟ್ಟ ಹಾರ್ತೈತಲ್ರಿ, ಇಲ್ಲಿ ಏನರ ಹಾರಾಕತ್ತೈತೇನ್ ನೋಡ್ರಿ. ಹಾರಬಾರದಂತನ ಈ ಕೆಲಸ. ಮುಟ್ಟೋದೂ ಬರಿಗೈಲೆ ಅಲ್ಲ.”

ಗಿರಣಿಯವರಿಗೆ ಧೂಳಿನ ಮಾತು ಹೆಚ್ಚು ಹೇಳಬೇಕಾಗಿರಲಿಲ್ಲ. ಅವರು ಒಮ್ಮೆ ಕೆಮ್ಮಿ ಕಡಾಯಿಯನ್ನೇ ನೋಡುತ್ತಿದ್ದರು. ನಾನು ಎಣ್ಣೆ ಸೋಸಿ ತೆಗೆದ ಕಾಳುಗಳಲ್ಲಿ ಒಂದನ್ನು ಎತ್ತಿ, ಬೆರಳಲ್ಲಿ ಹೊರಳಿಸಿ, ಬಾಯಿಗೆ ಹಾಕಿಕೊಂಡರು. ನನ್ನ ಕೈಯ ನೀರು ಮುಟ್ಟದವರು! ಅವ್ವನ ಮುಖ ಅರಳಿತು. ತಾಟನ್ನೇ ಎತ್ತಿ ಪಾಕಕ್ಕೆ ಸುರಿಯಲು ಹೋದಳು.

“ತಡೀರಿ,” ಎಂದರು ಹುಡುಗನ ತಾಯಿ. ಆಮೇಲೆ ನನ್ನ ಕಡೆ ತಿರುಗಿದರು. “ನೀ ಹೇಳಿದ್ದು ತಿಳೀತವ್ವ. ಖರೇನ ಇರಬೇಕು. ಆದರ ನನ್ನ ಅಂಜಿಕಿ ಹೋಗವಲ್ದು. ಇರಾವ ಒಬ್ಬ ಮಗ. ಆ ಕೆಲಸ ಬಿಡು, ಈಗಿಂದೀಗ ಬಾಯಿ ಸಿಹಿ ಮಾಡ್ಕೋತೀನಿ.”

ಅವರ ದನಿಯಲ್ಲಿ ಸೊಕ್ಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಬಾಗಿಲಲ್ಲಿದ್ದವನನ್ನು ನೋಡಿದೆ.

“ನೀವೇನಂತೀರಿ?”

ಅವನು ಚೌಕಟ್ಟಿನ ಮೇಲೆ ಉಗುರು ಆಡಿಸುತ್ತ, “ಅವ್ವ ಹೇಳಿದಂಗ್ರಿ,” ಎಂದ.

ಮುಂಬಯಿಯಲ್ಲಿ ಎಷ್ಟೊಂದು ಮಾತಾಡುತ್ತಿದ್ದ ಮನುಷ್ಯ. ನನ್ನ ಕೆಲಸದ ಬಗ್ಗೆ ಕೇಳಿ ಕೇಳಿ ತಿಳಿದುಕೊಂಡಿದ್ದ. ಅವ್ವ ತಾಟು ಹಿಡಿದುಕೊಂಡೇ ನಿಂತಿದ್ದಳು. ಹ್ಞೂಂ ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದಳು.

“ಯವ್ವಾ,” ಎಂದೆ, “ಪಾಕ ಒಲಿ ಮ್ಯಾಲಿಂದ ಇಳಸ ಬೇ.”

ಯಾರೂ ಜಗಳವಾಡಲಿಲ್ಲ. ಹೊರಡುವಾಗ ಹುಡುಗನ ತಾಯಿ ಪಡಸಾಲೆಯಲ್ಲಿ ನಿಂತರು. ನಾನಿಟ್ಟ ತಂಬಿಗೆ ಅಲ್ಲೇ ಇತ್ತು. ಬಗ್ಗಿ ಎತ್ತಿಕೊಂಡು ಗಟಗಟ ಕುಡಿದು, ಬರಿದಾದ ತಂಬಿಗೆಯನ್ನು ನನ್ನ ಕೈಗೇ ಕೊಟ್ಟರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಮಗನ ಮೇಲೆ ಬಹಳ ದಿನ ಇತ್ತು.

ಅವ್ವ ಬೂಂದಿಗೆ ಉಪ್ಪು, ಖಾರಪುಡಿ, ಕರಿಬೇವು ಹಾಕಿ ಕಲಸಿ ನನ್ನ ಮತ್ತು ಅಪ್ಪನ ಮುಂದೆ ಕುಕ್ಕಿ ಒಳಗೆ ಹೋದಳು. ಅಪ್ಪ ಇಡೀ ಹೊತ್ತು ಅಂಗಡಿಯ ಬಾಗಿಲ ಬಳಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದ. ಈಗ ಗ್ರೀಸ್ ಹತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಒಂದು ಮುಷ್ಟಿ ತೆಗೆದುಕೊಂಡ. ತಿನ್ನುವ ಮೊದಲು ಅಂಗೈ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ.

“ಗುಂಡಗ ಆಗ್ಯಾವ ಲೇ,” ಎಂದ. “ಒಂದಕ್ಕೂ ಬಾಲ ಇಲ್ಲ.”

ನನಗೆ ಅಳು ಬಂದದ್ದು ಆಗ.